ದೈತ್ಯನ ಒಂದು ಹೆಜ್ಜೆಗೆ ಎಷ್ಟು ಸೆಕೆಂಡು? ದೊಡ್ಡ ಬಜೆಟ್ ಚಿತ್ರಗಳಲ್ಲಿ ಕಣ್ಣು ಯಾವುದನ್ನು ನಂಬುತ್ತದೆ, ಯಾವುದನ್ನು ನಂಬುವುದಿಲ್ಲ

1993ರ ‘ಜುರಾಸಿಕ್ ಪಾರ್ಕ್’ನಲ್ಲಿ ಡೈನೋಸಾರ್‌ಗಳು ತೆರೆಯ ಮೇಲೆ ಕಾಣುವುದು ಒಟ್ಟು ಸುಮಾರು 15 ನಿಮಿಷ. ಅದರಲ್ಲಿ ಕಂಪ್ಯೂಟರ್‌ನಿಂದ ಹುಟ್ಟಿದ್ದು ಸುಮಾರು 6 ನಿಮಿಷ. ಮಿಕ್ಕಿದ್ದೆಲ್ಲ ಸ್ಟಾನ್ ವಿನ್‌ಸ್ಟನ್ ತಂಡ ಕಟ್ಟಿದ ಯಂತ್ರಬೊಂಬೆಗಳ ಕೆಲಸ. ಇವತ್ತು ಒಂದು ದೊಡ್ಡ ಆ್ಯಕ್ಷನ್ ಚಿತ್ರದಲ್ಲಿ ವಿಎಫ್‌ಎಕ್ಸ್ (ಚಿತ್ರೀಕರಣದ ನಂತರ ಕಂಪ್ಯೂಟರ್‌ನಲ್ಲಿ ಸೇರಿಸುವ ದೃಶ್ಯಪರಿಣಾಮ) ಸೇರಿದ ಶಾಟ್‌ಗಳು 2000 ದಾಟುವುದು ಮಾಮೂಲು. ಯಂತ್ರಗಳ ಶಕ್ತಿ ಎಷ್ಟೋ ಪಟ್ಟು ಏರಿದೆ, ದುಡ್ಡೂ ಏರಿದೆ. ಹಾಗಿದ್ದೂ ಆ 6 ನಿಮಿಷ ಇಂದಿಗೂ ಮೈ ಜುಮ್ಮೆನ್ನಿಸುತ್ತದೆ. ಎಷ್ಟೋ ಹೊಸ ಚಿತ್ರಗಳ ಕೊನೆಯ ಅರ್ಧ ಗಂಟೆಯ ಮಹಾಯುದ್ಧ ಮಾತ್ರ ರಬ್ಬರ್ ಬೊಂಬೆಗಳ ಕಾದಾಟದಂತೆ ಕಾಣುತ್ತದೆ.

‘ಗ್ರಾಫಿಕ್ಸ್ ಜಾಸ್ತಿಯಾಯ್ತು, ಅದಕ್ಕೇ ಹೀಗೆ’ ಎಂಬುದು ಅಭಿಮಾನಿಗಳ ಸಾಮಾನ್ಯ ಉತ್ತರ. ಈ ಉತ್ತರ ನಿಲ್ಲುವುದಿಲ್ಲ. ‘ಎಲ್ಲವನ್ನೂ ನಿಜವಾಗಿ ಮಾಡಿದ್ದಾರೆ’ ಎಂದು ನಾವು ಕೊಂಡಾಡುವ 2015ರ ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ನಲ್ಲಿ ಸುಮಾರು 2000 ವಿಎಫ್‌ಎಕ್ಸ್ ಶಾಟ್‌ಗಳಿವೆ. 2022ರ ‘ಟಾಪ್ ಗನ್: ಮ್ಯಾವೆರಿಕ್’ನಲ್ಲಿ ಅದಕ್ಕಿಂತಲೂ ಹೆಚ್ಚು. ಚೆನ್ನಾಗಿ ಮಾಡಿದ್ದು ಕಣ್ಣಿಗೆ ಬೀಳುವುದೇ ಇಲ್ಲವಾದ್ದರಿಂದ, ಕೆಟ್ಟದ್ದನ್ನಷ್ಟೇ ನೋಡಿ ನಾವು ಇಡೀ ಕಲೆಯನ್ನು ಬೈಯುತ್ತೇವೆ.

ಒಂದು ದೃಶ್ಯ ನಂಬಿಸುವುದೋ ಇಲ್ಲವೋ ಎಂಬುದು ಬಹುಪಾಲು ಕಂಪ್ಯೂಟರ್ ಚಾಲೂ ಆಗುವ ಮೊದಲೇ ತೀರ್ಮಾನವಾಗಿರುತ್ತದೆ. ಬೆಳಕು ಎಲ್ಲಿಂದ, ಕ್ಯಾಮೆರಾ ಎಲ್ಲಿ, ಬೀಳುವ ವಸ್ತುವಿನ ತೂಕ ಎಷ್ಟು, ಯಾರು ಯಾವ ದಿಕ್ಕಿನಲ್ಲಿದ್ದಾರೆ, ಇವನ್ನೆಲ್ಲ ಚಿತ್ರೀಕರಣಕ್ಕೆ ಮುಂಚೆ ಗಟ್ಟಿಮಾಡಿಕೊಂಡ ಚಿತ್ರಗಳು ಗೆಲ್ಲುತ್ತವೆ. ‘ಆಮೇಲೆ ನೋಡೋಣ’ ಎಂದು ಮುಂದಕ್ಕೆ ತಳ್ಳಿದವು ಎಷ್ಟೇ ಹಣ ಸುರಿದರೂ ಸೋಲುತ್ತವೆ.

ತೂಕದ ಲೆಕ್ಕ

ಮನುಷ್ಯನ ಕಣ್ಣಿಗೆ ಭೌತಶಾಸ್ತ್ರದ ಸೂತ್ರ ಗೊತ್ತಿಲ್ಲ. ಆದರೆ ಹುಟ್ಟಿದಾಗಿನಿಂದ ವಸ್ತುಗಳು ಬೀಳುವುದನ್ನು ನೋಡುತ್ತಲೇ ಬಂದಿರುವುದರಿಂದ, ಒಂದು ವಸ್ತು ಬೀಳಲು ತೆಗೆದುಕೊಂಡ ಸಮಯದಿಂದಲೇ ಅದರ ಗಾತ್ರವನ್ನು ಅಳೆದುಬಿಡುತ್ತದೆ. 1 ಮೀಟರ್ ಎತ್ತರದಿಂದ ಬಿದ್ದದ್ದು ನೆಲ ಮುಟ್ಟಲು 0.45 ಸೆಕೆಂಡು ಬೇಕು. 100 ಮೀಟರ್‌ನಿಂದ ಬಿದ್ದದ್ದಕ್ಕೆ ಸುಮಾರು 4.5 ಸೆಕೆಂಡು. ಎತ್ತರ 100 ಪಟ್ಟು ಆದಾಗ ಸಮಯ 10 ಪಟ್ಟು ಮಾತ್ರ ಆಗುತ್ತದೆ, ಅಂದರೆ ವರ್ಗಮೂಲದಷ್ಟು. ಈ ಒಂದು ಸಂಬಂಧವನ್ನು ತಲೆಯಲ್ಲಿಟ್ಟುಕೊಂಡರೆ ದೊಡ್ಡ ಚಿತ್ರಗಳ ಅರ್ಧದಷ್ಟು ತಪ್ಪುಗಳು ತಾವಾಗಿಯೇ ಬಯಲಾಗುತ್ತವೆ.

80 ಮೀಟರ್ ಎತ್ತರದ ಒಂದು ರೋಬೋ ನಡೆಯುತ್ತಿದೆ ಎಂದುಕೊಳ್ಳಿ. ನಡಿಗೆಯಲ್ಲಿ ಕಾಲು ಹೆಚ್ಚುಕಡಿಮೆ ಗಡಿಯಾರದ ಲೋಲಕದಂತೆ ತೂಗುತ್ತದೆ, ಲೋಲಕಕ್ಕೂ ಇದೇ ವರ್ಗಮೂಲದ ನಿಯಮ. 1.75 ಮೀಟರ್ ಎತ್ತರದ ಮನುಷ್ಯನಿಗಿಂತ ರೋಬೋ ಸುಮಾರು 46 ಪಟ್ಟು ದೊಡ್ಡದು. 46ರ ವರ್ಗಮೂಲ 6.8. ಮನುಷ್ಯ ಅರ್ಧ ಸೆಕೆಂಡಿಗೆ ಒಂದು ಹೆಜ್ಜೆ ಇಟ್ಟರೆ ರೋಬೋದ ಹೆಜ್ಜೆಗೆ ಸುಮಾರು 3.4 ಸೆಕೆಂಡು ಹಿಡಿಯಬೇಕು. ತೆರೆಯ ಮೇಲೆ ಇದು ತೀರಾ ನಿಧಾನ. ಆದರೆ ಆ ಒಂದೊಂದು ಹೆಜ್ಜೆ 34 ಮೀಟರ್ ಉದ್ದದ್ದು. ಹಾಗಾಗಿ ತೂಕಡಿಸುತ್ತಾ ನಡೆದಂತೆ ಕಂಡರೂ ಅದು ಸಾಗುತ್ತಿರುವುದು ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ. ನಿಧಾನವೂ ಭೀಕರ ವೇಗವೂ ಒಂದೇ ಚಲನೆಯಲ್ಲಿ ಇರುವುದೇ ದೈತ್ಯರ ಸೊಬಗು.

ಎಡಿಟಿಂಗ್ ಕೋಣೆಯಲ್ಲಿ 3.4 ಸೆಕೆಂಡಿನ ಹೆಜ್ಜೆ ಕಂಡವರಿಗೆ ಬೇಸರವಾಗುತ್ತದೆ. ‘ಸ್ವಲ್ಪ ಚುರುಕು ಮಾಡಿ’ ಎನ್ನುತ್ತಾರೆ. 3.4 ಹೋಗಿ 2 ಆಗುತ್ತದೆ, 2 ಹೋಗಿ 1 ಆಗುತ್ತದೆ. 80 ಮೀಟರ್‌ನ ದೈತ್ಯ ಅಲ್ಲಿಗೆ ವೇಷ ತೊಟ್ಟ ಮನುಷ್ಯನಾಗುತ್ತಾನೆ. ನಾಟಕೀಯತೆಗಾಗಿ ಒಂದಿಷ್ಟು ವೇಗ ಹೆಚ್ಚಿಸುವುದು ತಪ್ಪಲ್ಲ, ಎಲ್ಲ ಅನಿಮೇಟರ್‌ಗಳೂ ಮಾಡುತ್ತಾರೆ. ಅಳತೆಯ ಅರ್ಧಕ್ಕಿಂತ ಕೆಳಗಿಳಿದರೆ ಮಾತ್ರ ಯಾವ ಬಣ್ಣ, ಯಾವ ಹೊಗೆ, ಯಾವ ಸದ್ದೂ ಅದನ್ನು ಉಳಿಸಲಾರದು.

ಸೂಪರ್‌ಹೀರೋ ಜಿಗಿತಗಳಲ್ಲಿ ಇದೇ ರೋಗ ಇನ್ನೊಂದು ರೂಪದಲ್ಲಿ ಬರುತ್ತದೆ. 10 ಮೀಟರ್ ಮೇಲಕ್ಕೆ ಹಾರಿ ಇಳಿಯಲು ನಿಜಕ್ಕೂ ಬೇಕಾದದ್ದು ಸುಮಾರು 2.9 ಸೆಕೆಂಡು. ಅಷ್ಟು ಹೊತ್ತು ನಾಯಕನನ್ನು ಗಾಳಿಯಲ್ಲಿ ತೇಲಿಸಿದರೆ ಹೊಡೆದಾಟದ ಬಿಸಿ ಆರಿಹೋಗುತ್ತದೆ ಎಂಬ ಭಯದಲ್ಲಿ 1 ಸೆಕೆಂಡಿಗೆ ಇಳಿಸುತ್ತಾರೆ. ಲೆಕ್ಕ ಹಾಕಿದರೆ ಅಲ್ಲಿನ ಗುರುತ್ವ ಭೂಮಿಯದಕ್ಕಿಂತ 8 ಪಟ್ಟು! ಗುರುತ್ವ 8 ಪಟ್ಟಾಗಿದೆ ಎಂದು ಕಣ್ಣು ಒಪ್ಪುವುದಿಲ್ಲ, ವಸ್ತುವೇ 8ರಲ್ಲಿ ಒಂದು ಪಾಲು ಚಿಕ್ಕದಿದೆ ಎಂದು ತೀರ್ಮಾನಿಸುತ್ತದೆ. ಆಟಿಕೆಯಂತೆ ಕಾಣುತ್ತದೆ ಎಂದು ಪ್ರೇಕ್ಷಕರು ಹೇಳುವುದು ಬೈಗುಳವಲ್ಲ, ಸರಿಯಾದ ಅಳತೆ. ಅವರು ನೋಡಿದ್ದು ಆಟಿಕೆಯ ಸಮಯವನ್ನೇ.

ಇದರ ಜೊತೆಗೆ ಗಾಳಿಯಲ್ಲಿರುವ ದೇಹದ ಗುರುತ್ವ ಕೇಂದ್ರ ಪ್ಯಾರಾಬೋಲಾ ಹಾದಿಯಲ್ಲೇ, ಅಂದರೆ ಎಸೆದ ಕಲ್ಲಿನ ಕಮಾನಿನಂಥ ಹಾದಿಯಲ್ಲೇ, ಸಾಗಬೇಕು. ಅನಿಮೇಟರ್ ಮಧ್ಯೆ ಭಂಗಿ ಚೆನ್ನಾಗಿ ಕಾಣಲೆಂದು ಕೈಕಾಲು ತಿದ್ದಿದಾಗ ಆ ಕೇಂದ್ರ ಎರಡು ಮೂರು ಫ್ರೇಮ್‌ಗಳಷ್ಟು (ಸಿನಿಮಾದ ಒಂದು ಸೆಕೆಂಡಿನಲ್ಲಿ ಓಡುವ 24 ಸ್ಥಿರಚಿತ್ರಗಳಲ್ಲಿ ಒಂದೊಂದೂ ಒಂದು ಫ್ರೇಮ್) ಹಾದಿ ತಪ್ಪುತ್ತದೆ. ‘ತೇಲುತ್ತಿದೆ’ ಎಂಬ ಭಾವನೆ ಹುಟ್ಟುವುದು ಇಲ್ಲಿ. ಕೇಬಲ್‌ನಿಂದ ನಟರನ್ನು ಎಳೆದಾಗಲೂ ಇದೇ ತಾಪತ್ರಯ: ಸೊಂಟದ ಬಳಿ ಕಟ್ಟಿದ ಕೇಬಲ್ ಮೊದಲು ಸೊಂಟವನ್ನು ಎತ್ತುತ್ತದೆ, ಕಾಲುಗಳು ನೆಲವನ್ನು ಒದೆಯುವುದೇ ಇಲ್ಲ. ಒಳ್ಳೆಯ ಸ್ಟಂಟ್ ತಂಡ ನಟನಿಗೆ ಮೊದಲು ಮಂಡಿ ಬಗ್ಗಿಸಲು, ನಿಜವಾಗಿ ಜಿಗಿಯಲು ಹೇಳಿ, ಆ ಕ್ಷಣಕ್ಕೆ ಸರಿಯಾಗಿ ಕೇಬಲ್ ಎಳೆಯುತ್ತದೆ.

ಪುಟ್ಟ ಮಾದರಿಗಳನ್ನು ಕಟ್ಟಿ ಚಿತ್ರೀಕರಿಸುತ್ತಿದ್ದವರಿಗೆ ಈ ವರ್ಗಮೂಲ ನಿತ್ಯದ ಸಾಧನವಾಗಿತ್ತು. ಕಟ್ಟಡದ 1/16 ಅಳತೆಯ ಮಾದರಿ ಕುಸಿಯುವುದು ನಿಜವಾದದ್ದಕ್ಕಿಂತ 4 ಪಟ್ಟು ಬೇಗ. ಹಾಗಾಗಿ ಸೆಕೆಂಡಿಗೆ 24ರ ಬದಲು 96 ಫ್ರೇಮ್ ವೇಗದಲ್ಲಿ ಚಿತ್ರೀಕರಿಸಿ 24ರಲ್ಲಿ ತೋರಿಸಿದರೆ ಕುಸಿತ ಸರಿಯಾದ ಸಮಯಕ್ಕೆ ಕೂರುತ್ತದೆ. ಫೋಕಸ್‌ನದ್ದು ಇನ್ನೊಂದು ಸಮಸ್ಯೆ. ಹತ್ತಿರದ ಚಿಕ್ಕ ವಸ್ತುವನ್ನು ಲೆನ್ಸ್ ನೋಡಿದಾಗ ಹಿಂದೆ ಮುಂದೆ ಮಸುಕಾಗುತ್ತದೆ, ಆ ಮಸುಕೇ ‘ಇದು ಚಿಕ್ಕದು’ ಎಂದು ಚಾಡಿ ಹೇಳುತ್ತದೆ. ಅದಕ್ಕೆ ಲೆನ್ಸ್‌ನ ದ್ವಾರವನ್ನು ಎಫ್/16ರಷ್ಟು ಕಿರಿದು ಮಾಡಬೇಕು. ದ್ವಾರ ಕಿರಿದು, ಮೇಲಾಗಿ 4 ಪಟ್ಟು ವೇಗ. ಎರಡೂ ಸೇರಿ ಬೆಳಕನ್ನು ಕುಡಿದುಬಿಡುತ್ತವೆ, ಮಾದರಿಯ ಮೇಲೆ ಉರಿಬಿಸಿಲಿನಷ್ಟು ದೀಪ ಸುರಿಯಬೇಕಾಗುತ್ತದೆ. ಇಷ್ಟೆಲ್ಲ ಮಾಡಿದರೂ ನೀರು ಮತ್ತು ಬೆಂಕಿ ಮಾತು ಕೇಳುವುದಿಲ್ಲ. ನೀರಿನ ಹನಿಯ ಗಾತ್ರವನ್ನು ನಿರ್ಧರಿಸುವುದು ಅದರ ಮೇಲ್ಮೈ ಸೆಳೆತ; ಮಾದರಿ ಚಿಕ್ಕದಾಯಿತೆಂದು ಹನಿ ಚಿಕ್ಕದಾಗುವುದಿಲ್ಲ. ಹಳೆಯ ಚಿತ್ರಗಳಲ್ಲಿ ಹಡಗು ಬಚ್ಚಲಿನಲ್ಲಿ ತೇಲಿದಂತೆ ಕಾಣುವುದು ಆ ದಪ್ಪ ಹನಿಗಳಿಂದ. ನೀರಿಗಿಳಿಸುವ ಮಾದರಿಗಳನ್ನು 1/4, 1/3ರಂಥ ದೊಡ್ಡ ಅಳತೆಯಲ್ಲಿ ಕಟ್ಟುವುದು ಅದಕ್ಕೇ.

ಮಾದರಿಗಳ ಕಾಲ ಮುಗಿಯಿತು ಎಂದುಕೊಳ್ಳಬೇಡಿ. 2017ರ ‘ಬ್ಲೇಡ್ ರನ್ನರ್ 2049’ರ ಭವಿಷ್ಯದ ನಗರಕ್ಕೆ ವೇಟಾ ವರ್ಕ್‌ಶಾಪ್ ದೊಡ್ಡ ದೊಡ್ಡ ಮಾದರಿಗಳನ್ನು ಕಟ್ಟಿತ್ತು. ಮೊದಲು ಕೈಗೆ ಸಿಗುವ ವಸ್ತುವಿನ ಮೇಲೆ ನಿಜವಾದ ಬೆಳಕು ಹೇಗೆ ಬೀಳುತ್ತದೆಂದು ನೋಡಿ, ಆಮೇಲೆ ಕಂಪ್ಯೂಟರ್‌ನಲ್ಲಿ ಅದನ್ನು ವಿಸ್ತರಿಸುವ ಈ ಕ್ರಮ ಇಂದಿಗೂ ಅತ್ಯಂತ ಭರವಸೆಯದ್ದು.

1968ರ ‘2001: ಎ ಸ್ಪೇಸ್ ಒಡಿಸ್ಸಿ’ಯಲ್ಲಿ ಗಗನಯಾತ್ರಿ ಚಕ್ರಾಕಾರದ ಕೋಣೆಯ ಒಳಸುತ್ತಿನಲ್ಲಿ ಓಡುತ್ತಾನೆ. ಅದು 38 ಅಡಿ ವ್ಯಾಸದ ನಿಜವಾದ ಸೆಟ್. ಕಟ್ಟಲು 7,50,000 ಡಾಲರ್ ತಗುಲಿತ್ತು. ಇಡೀ ಸೆಟ್ ತಿರುಗುತ್ತದೆ, ನಟ ಮಾತ್ರ ಯಾವಾಗಲೂ ಅದರ ತಳಭಾಗದಲ್ಲೇ ಇರುತ್ತಾನೆ. ಅವನ ಪಾದ ಒತ್ತುವುದು ನಿಜವಾದ ಭೂಮಿಯ ಗುರುತ್ವದಲ್ಲಿ. ಅರ್ಧ ಶತಮಾನ ದಾಟಿದರೂ ಆ ಶಾಟ್ ಹಳತಾಗದಿರಲು ಕಾರಣ ಆ ಪಾದಗಳು.

ಬೆಳಕು: ಬೂದು ಚೆಂಡು ಮರೆತರೆ

ದೊಡ್ಡ ಚಿತ್ರಗಳ ಮೇಲಿನ ಇನ್ನೊಂದು ದೂರು ‘ಎಲ್ಲ ಬೂದು ಬೂದಾಗಿದೆ, ನಟರನ್ನು ಕತ್ತರಿಸಿ ಅಂಟಿಸಿದ ಹಾಗಿದೆ’ ಎಂಬುದು. ಇದಕ್ಕೆ ಕಾರಣ ಹುಡುಕಲು ಚಿತ್ರೀಕರಣದ ದಿನಕ್ಕೇ ಹೋಗಬೇಕು.

ನಟ ಹಸಿರು ಪರದೆಯ ಮುಂದೆ ನಿಂತಿದ್ದಾನೆ. ಹಸಿರೇ ಏಕೆಂದರೆ, ಡಿಜಿಟಲ್ ಕ್ಯಾಮೆರಾದ ಸೆನ್ಸರ್‌ನಲ್ಲಿ ಸಾಮಾನ್ಯವಾಗಿ ಪ್ರತಿ ಒಂದು ಕೆಂಪು, ಒಂದು ನೀಲಿ ಕಣಕ್ಕೆ ಎರಡು ಹಸಿರು ಕಣಗಳಿರುತ್ತವೆ. ಹಸಿರಿನ ಮಾಹಿತಿ ಹೆಚ್ಚು ಸ್ವಚ್ಛ. ಹಿಂದೆ ಬರಬೇಕಾದದ್ದು ಸಂಜೆಯ ಮರುಭೂಮಿಯೋ ಉರಿಯುವ ನಗರವೋ ಇನ್ನೂ ತೀರ್ಮಾನವಾಗಿಲ್ಲ. ಯಾವುದು ಬಂದರೂ ಹೊಂದಲಿ ಎಂದು ಛಾಯಾಗ್ರಾಹಕರು ಎಲ್ಲ ಕಡೆಯಿಂದ ಸಮವಾದ ಮೆದು ಬೆಳಕು ಹಾಕುತ್ತಾರೆ. ಎಲ್ಲದಕ್ಕೂ ಹೊಂದುವ ಬೆಳಕು ಯಾವುದಕ್ಕೂ ಹೊಂದುವುದಿಲ್ಲ. 6 ತಿಂಗಳ ನಂತರ ಹಿನ್ನೆಲೆಗೆ ಮುಳುಗುವ ಸೂರ್ಯ ಬರುತ್ತಾನೆ. ನಟನ ಮುಖದ ಮೇಲೆ ಮಾತ್ರ ಮೋಡ ಕವಿದ ಮಧ್ಯಾಹ್ನ. ಕಾಂಪೋಸಿಟಿಂಗ್ (ನಟನನ್ನೂ ಹಿನ್ನೆಲೆಯನ್ನೂ ಒಂದೇ ಚಿತ್ರವಾಗಿ ಜೋಡಿಸುವ ಕೆಲಸ) ಮಾಡುವವರು ಇದನ್ನು ಮುಚ್ಚಲು ಹಿನ್ನೆಲೆಯ ಸೂರ್ಯನನ್ನೇ ಮಂಕು ಮಾಡುತ್ತಾರೆ, ಮೇಲೆ ಧೂಳು ಹಬ್ಬಿಸುತ್ತಾರೆ, ಬಣ್ಣ ಇಳಿಸುತ್ತಾರೆ. ನಮಗೆ ಕಾಣುವ ಬೂದು ಆ ರಾಜಿಯ ಫಲ.

ಪರದೆಯಿಂದ ಪುಟಿದ ಹಸಿರು ಛಾಯೆ ಕೂದಲ ಅಂಚಿಗೆ, ಹೊಳೆಯುವ ಕವಚಕ್ಕೆ ಅಂಟಿಕೊಳ್ಳುವುದು ಇನ್ನೊಂದು ಕಾಟ. ಅದನ್ನು ತೆಗೆದಾಗ ಅಂಚು ನಿರ್ಜೀವವಾಗುತ್ತದೆ. ನಟನನ್ನು ಪರದೆಯಿಂದ ಕನಿಷ್ಠ 3 ಮೀಟರ್ ದೂರ ನಿಲ್ಲಿಸಿದರೆ ಎಷ್ಟೋ ವಾಸಿ, ಆದರೆ ಸೆಟ್‌ನಲ್ಲಿ ಜಾಗ ಸಾಲದೆ ಮೊದಲು ಬಲಿಯಾಗುವುದು ಈ 3 ಮೀಟರ್. 2021ರ ‘ಡ್ಯೂನ್’ ತಂಡ ಕಂಡುಕೊಂಡ ಉಪಾಯ ಬಲು ಸರಳ: ಹಸಿರು, ನೀಲಿ ಬಿಟ್ಟು ಮರಳಿನ ಬಣ್ಣದ ಪರದೆಗಳನ್ನು ನಿಲ್ಲಿಸಿದರು. ಅದರಿಂದ ಪುಟಿದ ಬೆಳಕು ಮರುಭೂಮಿಯ ಬೆಳಕೇ ಆದ್ದರಿಂದ ತೆಗೆಯುವ ಪ್ರಮೇಯವೇ ಬರಲಿಲ್ಲ. ಆದರೆ ಈ ಉಪಾಯಕ್ಕೆ ಹಿನ್ನೆಲೆ ಮರಳೇ ಎಂದು ಮೊದಲೇ ಗೊತ್ತಿರಬೇಕಿತ್ತು. ಗೊತ್ತಿತ್ತು.

ಬೆಳಕನ್ನು ದಾಖಲಿಸುವ ವಿಧಾನವೂ ಕಷ್ಟದ್ದಲ್ಲ. ಶಾಟ್ ಮುಗಿದ ಕೂಡಲೇ ಒಬ್ಬರು ಒಂದು ಬೂದು ಚೆಂಡು, ಒಂದು ಕನ್ನಡಿಯಂತೆ ಹೊಳೆಯುವ ಚೆಂಡು ಹಿಡಿದು ನಟ ನಿಂತಿದ್ದ ಜಾಗದಲ್ಲಿ ಅರ್ಧ ನಿಮಿಷ ನಿಲ್ಲುತ್ತಾರೆ. ಬೂದು ಚೆಂಡು ನೆರಳಿನ ದಿಕ್ಕನ್ನೂ ಮೆದುತನವನ್ನೂ ಹೇಳುತ್ತದೆ, ಹೊಳೆಯುವ ಚೆಂಡು ದೀಪಗಳ ಸ್ಥಾನ ತೋರಿಸುತ್ತದೆ. ನಂತರ ಅದೇ ಜಾಗದಿಂದ ಸುತ್ತಲೂ ಬೇರೆ ಬೇರೆ ಎಕ್ಸ್‌ಪೋಷರ್‌ಗಳಲ್ಲಿ ಫೋಟೊಗಳು, ಲೇಸರ್‌ನಿಂದ ಸೆಟ್‌ನ ಅಳತೆ, ಲೆನ್ಸ್ ಎಷ್ಟರದ್ದು, ಕ್ಯಾಮೆರಾ ಎಷ್ಟು ಎತ್ತರದಲ್ಲಿತ್ತು ಎಂಬ ಟಿಪ್ಪಣಿ. ಎಲ್ಲ ಸೇರಿ ಹತ್ತು ನಿಮಿಷ. ಸೂರ್ಯ ಮುಳುಗುತ್ತಿದೆ, ಇನ್ನೂ ಎರಡು ಶಾಟ್ ಬಾಕಿ ಇದೆ ಎಂಬ ಗಡಿಬಿಡಿಯಲ್ಲಿ ಈ ಹತ್ತು ನಿಮಿಷವನ್ನು ಕತ್ತರಿಸುತ್ತಾರೆ. ಆಮೇಲೆ ಲೈಟಿಂಗ್ ಕಲಾವಿದರು ಆ ಬೆಳಕನ್ನು ಊಹಿಸುತ್ತಾ ವಾರಗಟ್ಟಲೆ ಕಳೆಯುತ್ತಾರೆ.

ಇದಕ್ಕೆ ಬೇರೊಂದು ದಾರಿಯೆಂದರೆ ಹಿನ್ನೆಲೆಯನ್ನು ಮೊದಲೇ ತಯಾರಿಸಿ ಚಿತ್ರೀಕರಣದ ಹೊತ್ತಿಗೇ ತೋರಿಸುವುದು. 2013ರ ‘ಆಬ್ಲಿವಿಯನ್’ನಲ್ಲಿ ಮೋಡಗಳ ಮೇಲಿನ ಮನೆಗಾಗಿ ಹವಾಯಿಯ ಹಾಲೆಯಾಕಲಾ ಜ್ವಾಲಾಮುಖಿಯ ನೆತ್ತಿಯಿಂದ ಆಕಾಶವನ್ನು ಸೆರೆಹಿಡಿದು, 21 ಪ್ರೊಜೆಕ್ಟರ್‌ಗಳಿಂದ ಸೆಟ್‌ನ ಸುತ್ತಲಿನ ಪರದೆಗೆ ಬಿಟ್ಟರು. ಗಾಜಿನ ಗೋಡೆ, ಮೇಜು, ನಟರ ಕಣ್ಣು, ಎಲ್ಲದರಲ್ಲೂ ನಿಜವಾದ ಮುಸ್ಸಂಜೆ ಪ್ರತಿಫಲಿಸಿತು. ಆ ಕಥೆಯ ಬಗ್ಗೆ ಎಷ್ಟೇ ತಕರಾರಿರಲಿ, ಆ ಮನೆಯ ದೃಶ್ಯಗಳ ಬೆಳಕಿನಲ್ಲಿ ತಪ್ಪು ಹುಡುಕುವುದು ಕಷ್ಟ. 2019ರಿಂದ ‘ದಿ ಮ್ಯಾಂಡಲೋರಿಯನ್’ ಸರಣಿ ಇದನ್ನೇ ಎಲ್‌ಇಡಿ ಗೋಡೆಗಳಿಗೆ ತಂದಿತು: 75 ಅಡಿ ವ್ಯಾಸ, ಸುಮಾರು 20 ಅಡಿ ಎತ್ತರ, 270 ಡಿಗ್ರಿ ಸುತ್ತಳತೆ. ಕ್ಯಾಮೆರಾ ಸರಿದಂತೆ ಗೋಡೆಯ ಮೇಲಿನ ದೃಶ್ಯವೂ ಸರಿಯಾದ ಕೋನಕ್ಕೆ ಸರಿಯುತ್ತದೆ.

ಈ ಗೋಡೆಗಳು ಎಲ್ಲ ಕಾಯಿಲೆಗೂ ಮದ್ದಲ್ಲ, ಈಚೆಗೆ ಅವುಗಳ ಮಿತಿಯೂ ಚೆನ್ನಾಗಿ ಕಾಣುತ್ತಿದೆ. ಅಗಲವಾದ ಗೋಡೆಯಿಂದ ಬರುವುದು ಯಾವಾಗಲೂ ಮೆದು ಬೆಳಕು. ಚೂಪು ನೆರಳು ಕೊಡುವ ನಡುಹಗಲ ಸೂರ್ಯ ಅದರಿಂದ ಹುಟ್ಟುವುದಿಲ್ಲ. ಫೋಕಸ್ ಗೋಡೆಯ ಮೇಲೆ ಬಿದ್ದರೆ ಎಲ್‌ಇಡಿ ಚುಕ್ಕೆಗಳು ಅಲೆಅಲೆಯಾದ ವಿನ್ಯಾಸ ಮೂಡಿಸುತ್ತವೆ, ಹಾಗಾಗಿ ಹಿನ್ನೆಲೆ ಸದಾ ಮಸುಕಾಗಿಯೇ ಇರಬೇಕು. ಪಾತ್ರಗಳು ಓಡಬೇಕೆಂದರೆ ಇಪ್ಪತ್ತು ಹೆಜ್ಜೆಗೆ ಗೋಡೆ ಎದುರಾಗುತ್ತದೆ. ಅದಕ್ಕೇ ಅಂಥ ದೃಶ್ಯಗಳಲ್ಲಿ ಎಲ್ಲರೂ ಮೋಡದ ಸಂಜೆಯಲ್ಲಿ, ಚಿಕ್ಕ ವೃತ್ತದೊಳಗೆ ನಿಂತು ಮಾತಾಡುತ್ತಿರುತ್ತಾರೆ.

ಹೊಡೆದಾಟ ಅರ್ಥವಾಗಬೇಕಾದರೆ

ಒಂದು ಕಟ್ ಆದಾಗ ಕಣ್ಣು ಹೊಸ ಚಿತ್ರದಲ್ಲಿ ಎಲ್ಲಿ ನೋಡಬೇಕೆಂದು ಹುಡುಕುತ್ತದೆ. ಹೊಸ ಗುರಿಯ ಕಡೆ ದೃಷ್ಟಿ ಹೊರಳಲು ಸುಮಾರು 0.2 ಸೆಕೆಂಡು ಬೇಕು, ಅಂದರೆ 24 ಫ್ರೇಮ್‌ಗಳ ಲೆಕ್ಕದಲ್ಲಿ ಸುಮಾರು 5 ಫ್ರೇಮ್. ಶಾಟ್ 2 ಸೆಕೆಂಡಿನದಾದರೆ 48 ಫ್ರೇಮ್‌ಗಳಲ್ಲಿ 5 ಹೋದರೆ ನಷ್ಟವೇನಿಲ್ಲ. ಶಾಟ್ ಅರ್ಧ ಸೆಕೆಂಡಿನದಾದರೆ 12ರಲ್ಲಿ 5, ಶೇ 40ಕ್ಕೂ ಹೆಚ್ಚು, ಹುಡುಕುವುದರಲ್ಲೇ ಕಳೆದುಹೋಗುತ್ತದೆ. ಅಂಥ ಹತ್ತು ಶಾಟ್ ಸಾಲಾಗಿ ಬಂದರೆ ಪ್ರೇಕ್ಷಕನಿಗೆ ಉಳಿಯುವುದು ಗದ್ದಲ ಮತ್ತು ತಲೆನೋವು.

ಹಾಗೆಂದು ಕಟ್‌ಗಳ ಸಂಖ್ಯೆಯನ್ನು ದೂರುವಂತಿಲ್ಲ. ‘ಫ್ಯೂರಿ ರೋಡ್’ 120 ನಿಮಿಷದ ಚಿತ್ರ, ಅದರಲ್ಲಿ ಸುಮಾರು 2700 ಕಟ್‌ಗಳಿವೆ, ಸರಾಸರಿ 2.7 ಸೆಕೆಂಡಿಗೊಂದು. ಅದರ ಯಾವ ಓಟದಲ್ಲೂ ನಾವು ದಾರಿ ತಪ್ಪುವುದಿಲ್ಲ. ನಿರ್ದೇಶಕ ಜಾರ್ಜ್ ಮಿಲ್ಲರ್ ಮತ್ತು ಛಾಯಾಗ್ರಾಹಕ ಜಾನ್ ಸೀಲ್ ಮುಖ್ಯವಾದದ್ದನ್ನು ಫ್ರೇಮಿನ ನಟ್ಟನಡುವೆಯೇ ಇಟ್ಟರು. ಕಟ್ ಆದರೂ ಕಣ್ಣು ಕದಲಬೇಕಿಲ್ಲ, ಆ 5 ಫ್ರೇಮ್‌ಗಳು ಉಳಿದವು. ಸಂಕಲನಕಾರ್ತಿ ಮಾರ್ಗರೆಟ್ ಸಿಕ್ಸೆಲ್ ಸುಮಾರು 480 ಗಂಟೆಗಳ ದೃಶ್ಯರಾಶಿಯಿಂದ ಈ 2 ಗಂಟೆಯನ್ನು ಕಡೆದು ತೆಗೆದರು, ಸಂಕಲನಕ್ಕೆ ಆಸ್ಕರ್ ಪಡೆದರು. ಚಿತ್ರಕಥೆಯ ಜಾಗದಲ್ಲಿ ಸುಮಾರು 3500 ಸ್ಟೋರಿಬೋರ್ಡ್ ಚಿತ್ರಗಳಿದ್ದವು ಎಂಬುದನ್ನು ಮರೆಯಬಾರದು. ಯಾವ ಲಾರಿ ಯಾವ ಕಡೆ ಹೋಗುತ್ತಿದೆ ಎಂಬುದು ಕ್ಯಾಮೆರಾ ಬರುವ ವರ್ಷಗಳ ಮುಂಚೆಯೇ ಕಾಗದದ ಮೇಲೆ ಇತ್ತು.

ದಿಕ್ಕಿನ ನಿಯಮವೂ ಇದಕ್ಕೇ ಸೇರಿದ್ದು. ಇಬ್ಬರು ಎದುರಾಳಿಗಳ ನಡುವೆ ಒಂದು ಗೆರೆ ಎಳೆದು, ಕ್ಯಾಮೆರಾ ಆ ಗೆರೆಯ ಒಂದೇ ಬದಿಯಲ್ಲಿರಬೇಕು. ದಾಟಿದರೆ ಎಡದವನು ಬಲಕ್ಕೆ ಬರುತ್ತಾನೆ, ಒಂದು ಕ್ಷಣ ಯಾರು ಯಾರನ್ನು ಹೊಡೆದರೆಂದು ತಿಳಿಯುವುದಿಲ್ಲ. ಮೂರು ನಾಲ್ಕು ಕ್ಯಾಮೆರಾ ಒಟ್ಟಿಗೆ ಇಟ್ಟು ‘ಎಲ್ಲ ಕಡೆಯಿಂದ ಹಿಡಿದುಬಿಡೋಣ’ ಎಂದಾಗ ಈ ಗೆರೆ ಅಳಿಸಿಹೋಗುತ್ತದೆ. ನಟರಿಗೆ ಹೊಡೆದಾಟ ಬಾರದಿದ್ದಾಗ ಹತ್ತಿರದಿಂದ, ಅಲುಗಾಡುವ ಕ್ಯಾಮೆರಾದಲ್ಲಿ, ಏಟು ಬೀಳುವ ಕ್ಷಣದಲ್ಲೇ ಕತ್ತರಿಸಿ ಮುಚ್ಚಿಡುವುದು ರೂಢಿ. 1999ರ ‘ದಿ ಮ್ಯಾಟ್ರಿಕ್ಸ್’ನ ನಟರು ಹಾಂಗ್‌ಕಾಂಗ್‌ನ ಸಾಹಸ ನಿರ್ದೇಶಕ ಯುಯೆನ್ ವೂ-ಪಿಂಗ್ ಬಳಿ ತಿಂಗಳುಗಟ್ಟಲೆ ಪಳಗಿದ್ದರಿಂದ ಕ್ಯಾಮೆರಾ ಹಿಂದೆ ಸರಿದು ಇಡೀ ದೇಹ ತೋರಿಸಲು ಸಾಧ್ಯವಾಯಿತು. ಅದರಲ್ಲಿ ಕಿಯಾನು ರೀವ್ಸ್‌ಗೆ ಸ್ಟಂಟ್ ಡಬಲ್ ಆಗಿದ್ದ ಚಾಡ್ ಸ್ಟಾಹೆಲ್ಸ್ಕಿ ಮುಂದೆ ‘ಜಾನ್ ವಿಕ್’ ನಿರ್ದೇಶಿಸಿದಾಗ ಉದ್ದನೆಯ, ದೂರದ, ತಲೆಯಿಂದ ಪಾದದವರೆಗಿನ ಶಾಟ್‌ಗಳನ್ನೇ ಆರಿಸಿಕೊಂಡದ್ದು ಆಕಸ್ಮಿಕವಲ್ಲ.

ನಿಯಮ ಇದ್ದಲ್ಲಿ ಮಾತ್ರ ಅಪಾಯ

ವಿಜ್ಞಾನದ ಕಥೆಗಳಲ್ಲಿ ತೂಕ ಇನ್ನೊಂದು ಅರ್ಥದಲ್ಲೂ ಬೇಕು. 2014ರ ‘ಇಂಟರ್‌ಸ್ಟೆಲ್ಲಾರ್’ನಲ್ಲಿ ಕಪ್ಪುಕುಳಿಯ ಹತ್ತಿರದ ಒಂದು ಗ್ರಹದಲ್ಲಿ 1 ಗಂಟೆ ಕಳೆದರೆ ಭೂಮಿಯಲ್ಲಿ 7 ವರ್ಷ. ಇದನ್ನು ಇನ್ನಷ್ಟು ಬಿಡಿಸಿದರೆ, ಅಲ್ಲಿ 1 ನಿಮಿಷ ತಡವಾದರೆ ಇಲ್ಲಿ ಸುಮಾರು 42 ದಿನ. ಈ ಒಂದು ಸಂಖ್ಯೆ ತಿಳಿದ ಮೇಲೆ ಅಲೆಯಿಂದ ಓಡುವ ಆ ದೃಶ್ಯದಲ್ಲಿ ಗುಂಡು, ಸ್ಫೋಟ ಏನೂ ಬೇಕಾಗಲಿಲ್ಲ. ನೀರು ನುಗ್ಗಿದ ಎಂಜಿನ್ ಒಣಗುವವರೆಗೆ ಕಾಯುವುದೇ ಕರುಳು ಹಿಂಡುತ್ತದೆ. ಅದರ ಕಪ್ಪುಕುಳಿಗೆ ಭೌತವಿಜ್ಞಾನಿ ಕಿಪ್ ಥಾರ್ನ್ ಕೊಟ್ಟ ಸಮೀಕರಣಗಳಿಂದ ಬೆಳಕಿನ ಬಾಗುವಿಕೆಯನ್ನೇ ಲೆಕ್ಕಹಾಕಿದರು, ಕೆಲವು ಫ್ರೇಮ್‌ಗಳ ರೆಂಡರ್‌ಗೆ (ಕಂಪ್ಯೂಟರ್ ಲೆಕ್ಕಹಾಕಿ ಅಂತಿಮ ಚಿತ್ರ ಮೂಡಿಸುವುದಕ್ಕೆ) 100 ಗಂಟೆಯವರೆಗೆ ಹಿಡಿಯಿತು. ಇದಕ್ಕೆ ವಿರುದ್ಧವಾಗಿ, ನಾಯಕನ ಶಕ್ತಿಗೆ ಮಿತಿಯೇ ಇಲ್ಲದ ಚಿತ್ರಗಳಲ್ಲಿ ಇಡೀ ನಗರ ಉರುಳಿದರೂ ಎದೆ ಬಡಿಯುವುದಿಲ್ಲ. ಏನು ಸಾಧ್ಯವಿಲ್ಲ ಎಂದು ಮೊದಲ ಅರ್ಧ ಗಂಟೆಯಲ್ಲಿ ಹೇಳದ ವೈಜ್ಞಾನಿಕ ಚಿತ್ರಕ್ಕೆ ಕೊನೆಯ ಅರ್ಧ ಗಂಟೆಯಲ್ಲಿ ತೋರಿಸಲು ಏನೂ ಉಳಿದಿರುವುದಿಲ್ಲ.

ಕೊನೆಯ ಯುದ್ಧವೇ ಏಕೆ ಕಳಪೆ?

5 ಸೆಕೆಂಡಿನ ಒಂದು ಶಾಟ್ ಅಂದರೆ 120 ಫ್ರೇಮ್. ಫ್ರೇಮಿಗೆ 10 ಗಂಟೆ ಎಂದಿಟ್ಟುಕೊಂಡರೆ ಒಂದು ಸಲ ರೆಂಡರ್ ಮಾಡಲು 1200 ಯಂತ್ರಗಂಟೆ. ‘ದೈತ್ಯ ಎಡದಿಂದ ಬರಲಿ’ ಎಂದು ನಿರ್ದೇಶಕರು ಮನಸ್ಸು ಬದಲಿಸಿದರೆ ಅನಿಮೇಷನ್, ಅದರ ಮೇಲೆ ಕುಳಿತ ಬಟ್ಟೆ ಮತ್ತು ಸ್ನಾಯುಗಳ ಚಲನೆ, ಕಾಲ ಕೆಳಗಿನ ಧೂಳು, ಬೆಳಕು, ಕೊನೆಗೆ ಜೋಡಣೆ, ಎಲ್ಲವೂ ಸಾಲಾಗಿ ಮತ್ತೆ ಆಗಬೇಕು. ಬಿಡುಗಡೆಯ ದಿನಾಂಕ ಮಾತ್ರ ಒಂದು ದಿನವೂ ಜರುಗುವುದಿಲ್ಲ. ಕಥೆಯಲ್ಲಿ ಪದೇ ಪದೇ ಬದಲಾಗುವುದು ಕ್ಲೈಮ್ಯಾಕ್ಸ್. ಅದು ಅಂತಿಮವಾಗುವುದು ಎಲ್ಲಕ್ಕಿಂತ ಕೊನೆಗೆ. ಅತ್ಯಂತ ಕಷ್ಟದ ಶಾಟ್‌ಗಳಿರುವುದೂ ಅದರಲ್ಲೇ. ಹೀಗೆ ಅತಿ ಕಷ್ಟದ ಕೆಲಸಕ್ಕೆ ಅತಿ ಕಡಿಮೆ ವಾರಗಳು ಸಿಗುತ್ತವೆ. ಇದಕ್ಕೆ ಕಲಾವಿದರನ್ನು ಬೈಯುವುದು ಘೋರ ಅನ್ಯಾಯ.

ಲೆಕ್ಕ ಹಾಕಿ ಕೊಡುವ ಹಣದ ಪದ್ಧತಿಯೂ ಅವರ ಪರವಾಗಿಲ್ಲ. ವಿಎಫ್‌ಎಕ್ಸ್ ಸಂಸ್ಥೆಗಳು ಸಾಮಾನ್ಯವಾಗಿ ಇಡೀ ಕೆಲಸಕ್ಕೆ ಒಂದು ನಿಗದಿತ ಮೊತ್ತ ಕೂಗಿ ಗುತ್ತಿಗೆ ಹಿಡಿಯುತ್ತವೆ, ತಿದ್ದುಪಡಿಗಳು ಏರಿದಷ್ಟೂ ನಷ್ಟ ಅವರದ್ದೇ. ‘ಲೈಫ್ ಆಫ್ ಪೈ’ನ ಹುಲಿಗೆ ಜೀವ ಕೊಟ್ಟ ರಿದಮ್ ಆ್ಯಂಡ್ ಹ್ಯೂಸ್ ಸಂಸ್ಥೆ 2013ರ ಫೆಬ್ರವರಿಯಲ್ಲಿ ದಿವಾಳಿ ಅರ್ಜಿ ಹಾಕಿತು, ಅದೇ ತಿಂಗಳು ಆ ಚಿತ್ರಕ್ಕೆ ವಿಎಫ್‌ಎಕ್ಸ್ ಆಸ್ಕರ್ ಬಂತು. ಸಮಾರಂಭದ ಹೊರಗೆ ಕಲಾವಿದರು ಪ್ರತಿಭಟಿಸುತ್ತಿದ್ದರು.

ಎದುರಿಗೆ 2023ರ ‘ಗಾಡ್ಜಿಲ್ಲಾ ಮೈನಸ್ ಒನ್’ ಇಟ್ಟು ನೋಡಿ. 610 ವಿಎಫ್‌ಎಕ್ಸ್ ಶಾಟ್, 35 ಕಲಾವಿದರ ತಂಡ, ದೊಡ್ಡ ಹಾಲಿವುಡ್ ಚಿತ್ರಗಳ ಹತ್ತನೇ ಒಂದು ಪಾಲೂ ಇಲ್ಲದ ಬಜೆಟ್. 2024ರಲ್ಲಿ ವಿಎಫ್‌ಎಕ್ಸ್ ಆಸ್ಕರ್ ಅದಕ್ಕೇ ಹೋಯಿತು. ನಿರ್ದೇಶಕ ತಕಾಶಿ ಯಮಾಝಾಕಿ ತಾವೇ ವಿಎಫ್‌ಎಕ್ಸ್ ಮೇಲ್ವಿಚಾರಕರೂ ಆಗಿದ್ದರು. ಶಾಟ್ ಒಪ್ಪಿತವೋ ಅಲ್ಲವೋ ಎಂದು ಹೇಳಬೇಕಾದವರು ಆ ಚಿಕ್ಕ ತಂಡದ ನಡುವೆಯೇ ಇದ್ದರು, ಆರು ಸಮಿತಿಗಳ ಆಚೆ ಅಲ್ಲ. ಆ ಪ್ರಾಣಿಯ ಚಲನೆಯೂ ತಡೆತಡೆದು, ತೂಕ ಹೊತ್ತು ಬರುತ್ತದೆ.

ಮುಖಗಳ ವಿಷಯ ಇಲ್ಲಿ ಹೆಚ್ಚು ಬೆಳೆಸುವುದಿಲ್ಲ. ಮನುಷ್ಯನಂತೆ ಹೆಚ್ಚುಕಡಿಮೆ ಕಂಡು ಪೂರ್ತಿ ಕಾಣದ್ದು ನಮ್ಮಲ್ಲಿ ಅಸಹ್ಯ ಹುಟ್ಟಿಸುತ್ತದೆಂದು ಜಪಾನಿನ ರೋಬೋ ತಜ್ಞ ಮಸಾಹಿರೋ ಮೋರಿ 1970ರಲ್ಲೇ ಬರೆದಿದ್ದರು. ಡಿಜಿಟಲ್ ಮುಖದಲ್ಲಿ ಮೊದಲು ಸೋಲುವುದು ಕಣ್ಣಂಚಿನ ತೇವ ಮತ್ತು ಚರ್ಮದೊಳಗೆ ಹೊಕ್ಕು ಹೊರಬರುವ ಬೆಳಕು. ನೀಲಿ ಚರ್ಮದ ಅನ್ಯಗ್ರಹದವರು ಗೆಲ್ಲುವಲ್ಲಿ ಯೌವನಕ್ಕೆ ಮರಳಿದ ಪರಿಚಿತ ನಟರು ಸೋಲುತ್ತಾರೆ, ಯಾಕೆಂದರೆ ಆ ನಟರ ಮುಖ ನಮಗೆ ಬಾಯಿಪಾಠ.

ಕೆಲವು ತಪ್ಪುಗಳು ಚಿತ್ರದ್ದಲ್ಲ, ತೋರಿಸುವ ಜಾಗದ್ದು. ಸಾಮಾನ್ಯ 2ಡಿ ಪ್ರದರ್ಶನಕ್ಕೆ ಪರದೆಯ ಮೇಲೆ 14 ಫುಟ್-ಲ್ಯಾಂಬರ್ಟ್ (ಪರದೆಯ ಪ್ರಕಾಶ ಅಳೆಯುವ ಮಾನ) ಬೆಳಕು ಇರಬೇಕೆಂಬುದು ಮಾನದಂಡ. 3ಡಿಯಲ್ಲಿ ಕನ್ನಡಕ ಮತ್ತು ಫಿಲ್ಟರ್ ದಾಟಿ ಕಣ್ಣಿಗೆ ತಲುಪುವುದು ಹಲವೆಡೆ 4ರ ಆಸುಪಾಸು. ರಾತ್ರಿ, ಮಳೆ, ಹೊಗೆ ತುಂಬಿದ ಕ್ಲೈಮ್ಯಾಕ್ಸ್ ಅಷ್ಟು ಮಂದ ಬೆಳಕಿನಲ್ಲಿ ಕೆಸರಾಗಿಬಿಡುತ್ತದೆ, ಕಲಾವಿದರು ಕೂರಿಸಿದ ಅಂಚಿನ ಬೆಳಕೆಲ್ಲ ಅದರಲ್ಲಿ ಮುಳುಗುತ್ತದೆ. ಟ್ರೇಲರ್‌ನಲ್ಲಿ ಕತ್ತಲ ದೃಶ್ಯಗಳೇ ಹೆಚ್ಚು ಕಂಡರೆ, ಮತ್ತು ಚಿತ್ರವನ್ನು 3ಡಿ ಕ್ಯಾಮೆರಾಗಳಲ್ಲೇ ಚಿತ್ರೀಕರಿಸಿಲ್ಲವಾದರೆ, 2ಡಿ ಟಿಕೆಟ್ ತೆಗೆದುಕೊಳ್ಳಿ. ನಡುಸಾಲಿನಲ್ಲಿ ಕುಳಿತು, ದೈತ್ಯ ಬಂದಾಗ ಮೊದಲು ಅವನ ಪಾದ ನೋಡಿ, ಹೆಜ್ಜೆಗೆ ಎಷ್ಟು ಸೆಕೆಂಡೆಂದು ಎಣಿಸಿ.